ಹಾರ್ಲೆ-ಡೇವಿಡ್ಸನ್: ಹಳೆಯ ಹೆಸರಿಗೆ ಹೊಸ ಬೈಕು ಏಕೆ ಒಗ್ಗುತ್ತಿಲ್ಲ?

2025ರ ಫೆಬ್ರವರಿಯ ಕೇಂದ್ರ ಬಜೆಟ್ ದೊಡ್ಡ ಮೋಟಾರ್ ಸೈಕಲ್‌ಗಳ ಆಮದು ಸುಂಕವನ್ನು ಇಳಿಸಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದಾಗ 350 ಸಿಸಿವರೆಗಿನ ಬೈಕುಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡವುಗಳ ತೆರಿಗೆ ಶೇ 40ಕ್ಕೆ ಏರಿತು. ಎರಡೂ ಸಲ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬಂದ ಹೆಸರು ಅಮೆರಿಕದ ಹಾರ್ಲೆ-ಡೇವಿಡ್ಸನ್. ಬೈಕಿನ ಬಗ್ಗೆ ಆಸಕ್ತಿಯೇ ಇಲ್ಲದವರಿಗೂ ಪರಿಚಿತವಾದ ಈ ಕಂಪೆನಿ, ಜಗತ್ತಿನಲ್ಲೇ ಅತಿ ಹೆಚ್ಚು ದ್ವಿಚಕ್ರ ವಾಹನಗಳು ಮಾರಾಟವಾಗುವ ನಮ್ಮ ದೇಶದಲ್ಲಿ ಒಮ್ಮೆ ಬಾಗಿಲು ಹಾಕಿಕೊಂಡು ಹೋಗಿ, ಇಲ್ಲಿನದೇ ಕಂಪೆನಿಯೊಂದರ ಕೈಹಿಡಿದು ವಾಪಸು ಬಂದಿದೆ.

ಹೊಸೂರಿನ ಕನ್ನಡಿಗರಿಗೆ ಇದು ದೂರದ ಸುದ್ದಿಯಾಗಿ ಉಳಿಯುವುದಿಲ್ಲ. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದಂದಿನಿಂದ ಈ ಊರಿನ ದುಡಿಮೆ ದ್ವಿಚಕ್ರ ವಾಹನದ ಜೊತೆ ಬೆಸೆದುಕೊಂಡಿದೆ. ಬಾಗಲೂರು, ಮತ್ತಿಗಿರಿ, ತಳಿ ಕಡೆಯಿಂದ ಶಿಫ್ಟ್‌ಗೆ ಬರುವವರಲ್ಲಿ ಹಲವರ ಕೆಲಸ ಎಂಜಿನ್, ಅಚ್ಚು, ಲೇತು, ಬಣ್ಣ ಇವುಗಳಿಗೆ ಸಂಬಂಧಿಸಿದ್ದು. ಜರ್ಮನಿಯ ಬಿಎಂಡಬ್ಲ್ಯು ಹೆಸರಿನ ಬೈಕುಗಳು ಇಲ್ಲಿಂದಲೇ ಹೊರದೇಶಗಳಿಗೆ ಹೋಗುತ್ತವೆ. ಇಂಗ್ಲೆಂಡಿನ ನಾರ್ಟನ್ ಎಂಬ ಪುರಾತನ ಕಂಪೆನಿಯ ಒಡೆತನವೂ ಇಲ್ಲಿ ಕಾರ್ಖಾನೆ ಇಟ್ಟಿರುವ ಟಿವಿಎಸ್‌ನದು. ಹಳೆಯ ಹೆಸರಿನ ಕಂಪೆನಿಯೊಂದು ಹೊಸದನ್ನು ಮಾಡಲು ಹೋದಾಗ ಏನಾಗುತ್ತದೆ, ಹೊರದೇಶಕ್ಕೆ ಕಾಲಿಟ್ಟಾಗ ಏನು ಅಡ್ಡ ಬರುತ್ತದೆ ಎಂಬುದನ್ನು ಹಾರ್ಲೆಯ ಕಥೆ ಬೇರಾವುದಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ.

ಮೊದಲು ಆ ಎಂಜಿನ್ ಅರ್ಥವಾಗಬೇಕು

ಹಾರ್ಲೆ-ಡೇವಿಡ್ಸನ್ 1903ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಹುಟ್ಟಿತು. ವಿಲಿಯಂ ಹಾರ್ಲೆ ಮತ್ತು ಆರ್ಥರ್ ಡೇವಿಡ್ಸನ್ ಎಂಬ ಗೆಳೆಯರು ಆರಂಭಿಸಿದ ಕೆಲಸಕ್ಕೆ ಡೇವಿಡ್ಸನ್ ಸಹೋದರರೂ ಸೇರಿಕೊಂಡರು. 1909ರಲ್ಲಿ ಅವರು ಮಾಡಿದ ‘ವಿ-ಟ್ವಿನ್’ ಎಂಜಿನ್ ಮುಂದೆ ಕಂಪೆನಿಯ ಗುರುತೇ ಆಯಿತು. ಎರಡು ಸಿಲಿಂಡರ್‌ಗಳು ಇಂಗ್ಲಿಷಿನ ‘ವಿ’ ಅಕ್ಷರದಂತೆ 45 ಡಿಗ್ರಿ ಕೋನದಲ್ಲಿ ಓರೆಯಾಗಿ ನಿಂತಿರುವುದರಿಂದ ಆ ಹೆಸರು ಬಂದಿದೆ. ಸಿಲಿಂಡರ್ ಎಂದರೆ ಪೆಟ್ರೋಲ್ ಉರಿದು ಪಿಸ್ಟನ್ನನ್ನು ತಳ್ಳುವ ಕೊಳವೆ. ಪಿಸ್ಟನ್ ಆಚೀಚೆ ಓಡಾಡುವ ಆ ಜಾಗದ ಅಳತೆಯೇ ನಾವು ಹೇಳುವ ‘ಸಿಸಿ’.

ಎರಡೂ ಪಿಸ್ಟನ್‌ಗಳ ರಾಡುಗಳು ಹಾರ್ಲೆಯಲ್ಲಿ ಒಂದೇ ಪಿನ್ನಿಗೆ ಜೋಡಣೆಯಾಗಿರುತ್ತವೆ. ಒಂದು ರಾಡಿನ ತುದಿ ಕವಲಾಗಿದ್ದು, ಇನ್ನೊಂದರ ತುದಿ ಆ ಕವಲಿನ ನಡುವೆ ಕೂರುತ್ತದೆ. ಹೀಗಾಗಿ ಎರಡು ಸಿಲಿಂಡರ್‌ಗಳು ಒಂದರ ಹಿಂದೆ ಒಂದು ನೇರವಾಗಿ ನಿಲ್ಲುತ್ತವೆ, ಎಂಜಿನ್ ಅಗಲವಾಗುವುದಿಲ್ಲ. ಈ ಜೋಡಣೆಯಿಂದ ಎರಡು ಪರಿಣಾಮಗಳಾಗುತ್ತವೆ. ಮೊದಲನೆಯದು ಸದ್ದು. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದು ಸುತ್ತಿನ ಕೆಲಸ ಮುಗಿಯಲು ಕ್ರ್ಯಾಂಕ್ (ಪಿಸ್ಟನ್‌ಗಳ ಓಡಾಟವನ್ನು ತಿರುಗಾಟವಾಗಿಸುವ ದಂಡ) ಎರಡು ಬಾರಿ, ಅಂದರೆ 720 ಡಿಗ್ರಿ, ತಿರುಗಬೇಕು. ಎರಡು ಸಿಲಿಂಡರ್‌ಗಳು ಸಮ ಅಂತರದಲ್ಲಿ ಉರಿದರೆ ಪ್ರತಿ 360 ಡಿಗ್ರಿಗೊಂದು ಸಿಡಿತ ಆಗುತ್ತದೆ. ಹಾರ್ಲೆಯಲ್ಲಿ ಆ ಅಂತರ ಒಮ್ಮೆ 315, ಇನ್ನೊಮ್ಮೆ 405 ಡಿಗ್ರಿ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕಿ ಭತ್ತ ಕುಟ್ಟುವಾಗ ಎರಡನೆಯವರ ಪೆಟ್ಟು ಸ್ವಲ್ಪ ಬೇಗ ಬಿದ್ದು, ಆಮೇಲೆ ಒಂದು ಬಿಡುವು ಬಂದಂತೆ ಇದರ ಲಯ. ಈ ಕುಂಟುವ ಲಯವನ್ನು ಜನ ಎಷ್ಟು ಪ್ರೀತಿಸಿದರೆಂದರೆ, 1994ರಲ್ಲಿ ಕಂಪೆನಿ ಆ ಸದ್ದನ್ನೇ ತನ್ನ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಅರ್ಜಿ ಹಾಕಿತು. ಪ್ರತಿಸ್ಪರ್ಧಿಗಳು ತಕರಾರು ತೆಗೆದದ್ದರಿಂದ 2000ದಲ್ಲಿ ಅರ್ಜಿಯನ್ನು ಹಿಂಪಡೆಯಿತು.

ಎರಡನೆಯ ಪರಿಣಾಮ ಬಿಸಿ. ಈ ಎಂಜಿನ್ ತಂಪಾಗುವುದು ಎದುರಿನಿಂದ ಬೀಸುವ ಗಾಳಿಯಿಂದ. ಹಿಂದಿನ ಸಿಲಿಂಡರ್ ಮುಂದಿನದರ ಮರೆಯಲ್ಲಿ ಇರುವುದರಿಂದ ಅದಕ್ಕೆ ಗಾಳಿ ಸಾಲದು. ಅಮೆರಿಕದ ಉದ್ದನೆಯ ತಂಪು ಹೆದ್ದಾರಿಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಅತ್ತಿಬೆಲೆ ಟೋಲ್ ಬಳಿ ಲಾರಿಗಳ ನಡುವೆ ಇಂಚಿಂಚಾಗಿ ಸರಿಯುವವನ ತೊಡೆಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಜನ ಇಷ್ಟಪಟ್ಟ ಗುಣ ಮತ್ತು ಬೇರೆ ದೇಶದಲ್ಲಿ ತೊಡಕಾಗುವ ಗುಣ ಒಂದೇ ಜೋಡಣೆಯಿಂದ ಹುಟ್ಟಿರುವುದನ್ನು ಇಲ್ಲಿ ಗಮನಿಸಬೇಕು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯುವುದು ಸುಲಭವಲ್ಲ.

ಹಳೆಯದೇ ಕೈಹಿಡಿದ ಕಾಲ

1969ರಲ್ಲಿ ಎಎಂಎಫ್ ಎಂಬ ದೊಡ್ಡ ಉದ್ಯಮ ಹಾರ್ಲೆಯನ್ನು ಕೊಂಡುಕೊಂಡಿತು. ಉತ್ಪಾದನೆ ಹೆಚ್ಚಿತು, ಗುಣಮಟ್ಟ ಕುಸಿಯಿತು. ಎಣ್ಣೆ ಸೋರುವ ಬೈಕು ಎಂಬ ಕೆಟ್ಟ ಹೆಸರು ಅಂಟಿಕೊಂಡಿತು. ಅದೇ 1969ರಲ್ಲಿ ಜಪಾನಿನ ಹೋಂಡಾ ತನ್ನ ಸಿಬಿ750 ತಂದಿತು: ನಾಲ್ಕು ಸಿಲಿಂಡರ್, ಡಿಸ್ಕ್ ಬ್ರೇಕ್, ಗುಂಡಿ ಒತ್ತಿದರೆ ಸ್ಟಾರ್ಟ್, ಬೆಲೆಯೂ ಕಡಿಮೆ. 1981ರಲ್ಲಿ ಕಂಪೆನಿಯ 13 ಮಂದಿ ಹಿರಿಯ ಅಧಿಕಾರಿಗಳು ಸಾಲ ಎತ್ತಿ, ಸುಮಾರು 8 ಕೋಟಿ ಡಾಲರಿಗೆ ಅದನ್ನು ಎಎಂಎಫ್‌ನಿಂದ ಬಿಡಿಸಿಕೊಂಡರು. ಸಂಸ್ಥಾಪಕರೊಬ್ಬರ ಮೊಮ್ಮಗ, ವಿನ್ಯಾಸಕಾರ ವಿಲ್ಲಿ ಜಿ. ಡೇವಿಡ್ಸನ್ ಅವರಲ್ಲೊಬ್ಬರು.

ಆಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಇಂದಿನ ತೊಡಕಿನ ಬೇರು ಆ ಗೆಲುವಿನಲ್ಲಿದೆ. 1983ರಲ್ಲಿ ಅಧ್ಯಕ್ಷ ರೇಗನ್ ಸರ್ಕಾರವು 700 ಸಿಸಿಗಿಂತ ದೊಡ್ಡ ಆಮದು ಬೈಕುಗಳ ಮೇಲೆ ಶೇ 45ರಷ್ಟು ಹೆಚ್ಚುವರಿ ಸುಂಕ ಹೇರಿತು. ಅದು ಐದು ವರ್ಷಗಳಲ್ಲಿ ಹಂತಹಂತವಾಗಿ ಇಳಿಯುವಂತಿತ್ತು. ಜಪಾನಿನವರು 750 ಸಿಸಿ ಎಂಜಿನ್ನುಗಳನ್ನು 700ರ ಒಳಗೆ ಇಳಿಸಿ ಸುಂಕದಿಂದ ತಪ್ಪಿಸಿಕೊಂಡರು, ಆದರೆ ಹಾರ್ಲೆಗೆ ಉಸಿರಾಡಲು ಸಮಯ ಸಿಕ್ಕಿತು. ಆ ಸಮಯದಲ್ಲಿ ಕಂಪೆನಿ ಎಣ್ಣೆ ಸೋರದ ಹೊಸ ಅಲ್ಯೂಮಿನಿಯಂ ಎಂಜಿನ್ ತಂದಿತು. 1983ರಲ್ಲೇ ‘ಹಾಗ್’ ಎಂಬ ಮಾಲೀಕರ ಬಳಗವನ್ನು ಕಟ್ಟಿ, ಕೊಂಡವರನ್ನು ಒಂದು ಕುಲದವರಂತೆ ಬೆಸೆಯಿತು. 1987ರಲ್ಲಿ, ಗಡುವಿಗೆ ಮುಂಚೆಯೇ, ಸುಂಕ ತೆಗೆಯಿರಿ ಎಂದು ತಾನೇ ಕೇಳಿಕೊಂಡಿತು.

1984ರ ಸಾಫ್ಟೇಲ್ ಎಂಬ ಮಾದರಿ ಈ ಯಶಸ್ಸಿನ ಗುಟ್ಟನ್ನು ಹೇಳುತ್ತದೆ. ಹಿಂದಿನ ಕಾಲದ ಬೈಕುಗಳಲ್ಲಿ ಹಿಂಬದಿ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇರಲಿಲ್ಲ. ಚೌಕಟ್ಟಿನ ಕೊಳವೆಗಳು ಸೀಟಿನಿಂದ ಚಕ್ರದ ನಡುವಿಗೆ ನೇರವಾಗಿ ಇಳಿಯುತ್ತಿದ್ದವು. ಸಾಫ್ಟೇಲ್ ನೋಡಲು ಹಾಗೆಯೇ ಇದೆ. ಅದರ ಶಾಕ್ ಅಬ್ಸಾರ್ಬರ್‌ಗಳನ್ನು ಬೈಕಿನ ಅಡಿಯಲ್ಲಿ, ಗೇರ್ ಪೆಟ್ಟಿಗೆಯ ಕೆಳಗೆ, ಯಾರ ಕಣ್ಣಿಗೂ ಬೀಳದಂತೆ ಮಲಗಿಸಿಡಲಾಗಿತ್ತು. ಹೊಸ ತಂತ್ರವನ್ನು ಹಳೆಯ ರೂಪದೊಳಗೆ ಬಚ್ಚಿಟ್ಟರೆ ಗಿರಾಕಿ ಒಪ್ಪುತ್ತಾನೆ ಎಂಬುದು ಅಲ್ಲಿ ಸಾಬೀತಾಯಿತು. 2006ರಲ್ಲಿ ಕಂಪೆನಿ ಸುಮಾರು ಮೂರೂವರೆ ಲಕ್ಷ ಬೈಕುಗಳನ್ನು ಕಾರ್ಖಾನೆಯಿಂದ ಕಳುಹಿಸಿತು. 2024ರಲ್ಲಿ ಅದರ ಬೈಕುಗಳ ಜಾಗತಿಕ ಮಾರಾಟ ಒಂದೂವರೆ ಲಕ್ಷದ ಆಸುಪಾಸಿನಲ್ಲಿತ್ತು.

ಹೊಸ ವಿನ್ಯಾಸಗಳು ಎಡವಿದ್ದು ಎಲ್ಲಿ

ಹಾರ್ಲೆ ಹೊಸದನ್ನು ಪ್ರಯತ್ನಿಸಲೇ ಇಲ್ಲ ಎನ್ನುವುದು ತಪ್ಪು ತಿಳಿವಳಿಕೆ. 2001ರಲ್ಲಿ ಜರ್ಮನಿಯ ಪೋರ್ಷೆ ಸಂಸ್ಥೆಯ ನೆರವಿನಿಂದ ವಿ-ರಾಡ್ ಎಂಬ ಬೈಕನ್ನು ತಂದಿತು. ಸಿಲಿಂಡರ್‌ಗಳ ನಡುವಿನ ಕೋನ 45ರ ಬದಲು 60 ಡಿಗ್ರಿ, ಗಾಳಿಯ ಬದಲು ನೀರಿನಿಂದ ತಂಪಾಗುವ ಎಂಜಿನ್, ಹಿಂದೆಂದೂ ಇಲ್ಲದ ವೇಗ. ವಿಮರ್ಶಕರು ಹೊಗಳಿದರು, ಯೂರೋಪಿನಲ್ಲಿ ಅಭಿಮಾನಿಗಳು ಸಿಕ್ಕರು. ಸ್ವದೇಶದ ಹಳಬರಿಗೆ ಮಾತ್ರ ಸದ್ದೂ ನೋಟವೂ ಪರಕೀಯ ಎನಿಸಿತು. 2017ರಲ್ಲಿ ಅದು ನಿಂತುಹೋಯಿತು. ಕಂಪೆನಿಯ ಮಾಜಿ ಎಂಜಿನಿಯರ್ ಎರಿಕ್ ಬ್ಯೂಯೆಲ್ ಕಟ್ಟಿದ, ಹಾರ್ಲೆ ಎಂಜಿನ್ನಿನಿಂದಲೇ ಸ್ಪೋರ್ಟ್ಸ್ ಬೈಕು ಮಾಡುತ್ತಿದ್ದ ಬ್ಯೂಯೆಲ್ ಸಂಸ್ಥೆಯನ್ನು ಹಾರ್ಲೆ ತನ್ನದಾಗಿಸಿಕೊಂಡಿತ್ತು. ಆರ್ಥಿಕ ಹಿಂಜರಿತದ ಹೊತ್ತಿನಲ್ಲಿ, 2009ರ ಅಕ್ಟೋಬರಿನಲ್ಲಿ, ಅದನ್ನು ಮುಚ್ಚಿತು. 2008ರಲ್ಲಿ ಕೊಂಡ ಇಟಲಿಯ ಎಂವಿ ಅಗುಸ್ತಾವನ್ನು ಎರಡೇ ವರ್ಷದಲ್ಲಿ ನಾಮಮಾತ್ರ ಬೆಲೆಗೆ ಹಿಂದಿರುಗಿಸಿತು.

ಇಷ್ಟರಲ್ಲಿ ಹೊಸದನ್ನು ಮಾಡದೆ ವಿಧಿಯಿಲ್ಲದ ಸ್ಥಿತಿ ಬಂದಿತ್ತು. ಹೊಗೆಯ ನಿಯಮಗಳು ಬಿಗಿಯಾಗುತ್ತ ಹೋದವು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದಂತೆ ಯೂರೋಪಿನಲ್ಲಿ ಯೂರೋ-5 ಬಂದಿತು. ಗಾಳಿಯಿಂದ ತಂಪಾಗುವ ದೊಡ್ಡ ಎಂಜಿನ್ನಿನ ಬಿಸಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಆದ್ದರಿಂದ ಪೆಟ್ರೋಲ್ ಎಷ್ಟು ಶುದ್ಧವಾಗಿ ಉರಿಯಬೇಕೆಂಬುದನ್ನು ನಿಖರವಾಗಿ ಹಿಡಿತದಲ್ಲಿಡುವುದು ಕಷ್ಟ. ನೀರು ಸುತ್ತುವ ಎಂಜಿನ್ನಿನ ಬಿಸಿ ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಆ ಕೆಲಸ ಸುಲಭವಾಗುತ್ತದೆ. ದಶಕಗಳಿಂದ ಮಾರುತ್ತಿದ್ದ ಗಾಳಿ ತಂಪಿನ ಸ್ಪೋರ್ಟ್‌ಸ್ಟರ್ ಬೈಕುಗಳನ್ನು 2020ರ ಕೊನೆಗೆ ಯೂರೋಪಿನ ಮಾರುಕಟ್ಟೆಯಿಂದ ತೆಗೆಯಬೇಕಾಯಿತು.

ಮ್ಯಾಟ್ ಲೆವಾಟಿಚ್ ಮುಖ್ಯಸ್ಥರಾಗಿದ್ದಾಗ, 2018ರಲ್ಲಿ, ಕಂಪೆನಿ ದೊಡ್ಡದೊಂದು ಯೋಜನೆ ಪ್ರಕಟಿಸಿತು. ವಿದ್ಯುತ್ ಬೈಕು, ಸಾಹಸ ಪ್ರವಾಸದ ಬೈಕು, ನಗರದ ಬೈಕು, ಏಷ್ಯಾಕ್ಕಾಗಿ ಚಿಕ್ಕ ಬೈಕು ಎಲ್ಲವೂ ಅದರಲ್ಲಿದ್ದವು. 2027ರ ಹೊತ್ತಿಗೆ ಮಾರಾಟದ ಅರ್ಧ ಪಾಲು ಅಮೆರಿಕದ ಹೊರಗಿನಿಂದ ಬರಬೇಕೆಂಬ ಗುರಿಯಿತ್ತು. ಯೋಜನೆಯ ಮೊದಲ ಫಲವಾಗಿ 2019ರಲ್ಲಿ ಬಂದ ಲೈವ್‌ವೈರ್ ವಿದ್ಯುತ್ ಬೈಕಿನ ಬೆಲೆ 29,799 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 20 ಲಕ್ಷ ರೂಪಾಯಿ. ಯುವಕರನ್ನು ಸೆಳೆಯಬೇಕಾದ ಬೈಕಿಗೆ ಯುವಕರ ಕೈಗೆಟುಕದ ಬೆಲೆ. ಸದ್ದು ಇಲ್ಲ, ಗೇರು ಇಲ್ಲ, ಆದ್ದರಿಂದ ಹಳಬರೂ ಹತ್ತಿರ ಬರಲಿಲ್ಲ. ಲೈವ್‌ವೈರನ್ನು ಬೇರೆ ಕಂಪೆನಿಯಾಗಿಸಿ 2022ರಲ್ಲಿ ನ್ಯೂಯಾರ್ಕ್ ಷೇರುಪೇಟೆಯಲ್ಲಿ ನೋಂದಾಯಿಸಿದರೂ 2024ರಲ್ಲಿ ಅದು ಮಾರಿದ ವಿದ್ಯುತ್ ಬೈಕುಗಳು ಕೇವಲ 600ರ ಆಸುಪಾಸು.

2020ರ ಫೆಬ್ರವರಿಯಲ್ಲಿ ಲೆವಾಟಿಚ್ ಹೊರನಡೆದರು. ಹಿಂದೆ ಪೂಮಾ ಪಾದರಕ್ಷೆ ಕಂಪೆನಿಯನ್ನು ನಡೆಸಿದ್ದ ಯೋಖೆನ್ ಝೈಟ್ಸ್ ಅವರ ಜಾಗಕ್ಕೆ ಬಂದರು. ಬ್ರಾಂಕ್ಸ್ ಎಂಬ ನಗರದ ಬೈಕು ಅಂಗಡಿಗೆ ಬರುವ ಮೊದಲೇ ಕೈಬಿಡಲ್ಪಟ್ಟಿತು. ಲಾಭ ತರುವ ದೊಡ್ಡ ಪ್ರವಾಸಿ ಬೈಕುಗಳು ಮತ್ತು ಕ್ರೂಸರ್‌ಗಳ ಕಡೆಗೇ ಹೂಡಿಕೆಯ ಸುಮಾರು ಶೇ 70ರಷ್ಟನ್ನು ತಿರುಗಿಸಲಾಯಿತು. ಹಿಂದಿನ ಯೋಜನೆಯಲ್ಲಿ ಉಳಿದು ಗೌರವ ಗಳಿಸಿದ್ದು ಪ್ಯಾನ್ ಅಮೆರಿಕ 1250. 2021ರಲ್ಲಿ ಬಂದ ಈ ಎತ್ತರದ ಬೈಕಿನ ‘ಸ್ಪೆಷಲ್’ ಮಾದರಿ, ನಿಲ್ಲುವ ಹೊತ್ತಿಗೆ ತಾನೇ ಕೆಳಗೆ ಇಳಿದು ಸವಾರನ ಕಾಲು ನೆಲಕ್ಕೆ ಸುಲಭವಾಗಿ ತಾಗುವಂತೆ ಮಾಡುತ್ತದೆ. ಎಂಜಿನಿಯರಿಂಗ್ ದೃಷ್ಟಿಯಿಂದ ಹಾರ್ಲೆಗೆ ಹೊಸದನ್ನು ಮಾಡುವ ಶಕ್ತಿ ಇದೆ ಎನ್ನಲು ಇದೊಂದೇ ಸಾಕು. ಕೊರತೆ ಇರುವುದು ಹೊಸ ಬೈಕಿಗೆ ಹೊಸ ಗಿರಾಕಿಯನ್ನು ಕರೆತರುವ ಕೆಲಸದಲ್ಲಿ.

ಸುಂಕದ ಲೆಕ್ಕ

ಹೊರದೇಶದ ಬೈಕು ನಮ್ಮ ದೇಶಕ್ಕೆ ಮೂರು ರೀತಿಯಲ್ಲಿ ಬರಬಹುದು: ಪೂರ್ತಿ ಸಿದ್ಧವಾಗಿ, ಅರ್ಧ ಜೋಡಿಸಿದ ಸ್ಥಿತಿಯಲ್ಲಿ, ಇಲ್ಲವೇ ಬಿಡಿ ಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾಗಿ. ಜೋಡಿಸುವ ಕೆಲಸ ಇಲ್ಲಿನವರಿಗೆ ಸಿಗಲಿ ಎಂಬ ಉದ್ದೇಶದಿಂದ ಸಿದ್ಧ ಬೈಕಿಗೆ ಸುಂಕ ಹೆಚ್ಚು, ಬಿಡಿ ಭಾಗಗಳಿಗೆ ಕಡಿಮೆ. 2025ರ ಬಜೆಟ್ಟಿನಲ್ಲಿ ಸಿದ್ಧ ಬೈಕುಗಳ ಸುಂಕ ಶೇ 50ರಿಂದ, 1600 ಸಿಸಿವರೆಗಿನವಕ್ಕೆ 40ಕ್ಕೆ, ಅದಕ್ಕೂ ದೊಡ್ಡವಕ್ಕೆ 30ಕ್ಕೆ ಇಳಿಯಿತು. ಬಿಡಿ ಭಾಗಗಳದ್ದು 15ರಿಂದ 10ಕ್ಕೆ ಬಂದಿತು. ಆ 1600 ಸಿಸಿ ಗಡಿಯಿಂದ ಹೆಚ್ಚು ಅನುಕೂಲವಾಗುವುದು ಹಾರ್ಲೆಯ ಭಾರಿ ಬೈಕುಗಳಿಗೆ.

ಈ ಚೌಕಾಸಿಗೆ ಹಳೆಯ ಇತಿಹಾಸವಿದೆ, ಅದರಲ್ಲಿ ನಮ್ಮ ಕೃಷ್ಣಗಿರಿ ಜಿಲ್ಲೆಯವರು ಕಿವಿಗೊಡಬೇಕಾದ ಒಂದು ವಿಷಯವೂ ಇದೆ. 2007ರಲ್ಲಿ ಅಮೆರಿಕ ಭಾರತದ ಮಾವಿನ ಹಣ್ಣಿಗೆ ತನ್ನ ಮಾರುಕಟ್ಟೆ ತೆರೆಯಿತು. ಅದಕ್ಕೆ ಪ್ರತಿಯಾಗಿ ಭಾರತ ಹಾರ್ಲೆಯಂಥ ದೊಡ್ಡ ಬೈಕುಗಳ ಆಮದಿಗೆ ಹೊಗೆ ನಿಯಮದ ಅಡ್ಡಿಯನ್ನು ಸಡಿಲಿಸಿತು. ಮಾವಿನ ತೋಪುಗಳ ಜಿಲ್ಲೆಯಲ್ಲಿ ಕುಳಿತು ಓದುವವರಿಗೆ, ಹಣ್ಣಿಗೂ ಬೈಕಿಗೂ ವ್ಯಾಪಾರ ಮಾತುಕತೆಯಲ್ಲಿ ಒಂದೇ ತಕ್ಕಡಿ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಸುಂಕ ಮಾತ್ರ ಇಳಿಯಲಿಲ್ಲ. ಎಲ್ಲ ತೆರಿಗೆಗಳು ಸೇರಿ ಬೈಕಿನ ಬೆಲೆ ಸರಿಸುಮಾರು ದುಪ್ಪಟ್ಟಾಗುತ್ತಿದ್ದುದರಿಂದ ಕಂಪೆನಿ ಭಾರತಕ್ಕೆ ಬರುವ ತೀರ್ಮಾನ ಪ್ರಕಟಿಸಲು 2009ರವರೆಗೆ ಕಾಯಿತು.

ಸುಂಕ ಎರಡೂ ಕಡೆ ಕೊಯ್ಯುತ್ತದೆ. 2018ರಲ್ಲಿ ಅಮೆರಿಕ ಯೂರೋಪಿನ ಉಕ್ಕಿನ ಮೇಲೆ ಸುಂಕ ಹಾಕಿದಾಗ, ಯೂರೋಪ್ ಒಕ್ಕೂಟವು ಪ್ರತಿಯಾಗಿ ಅಮೆರಿಕದ ಬೈಕುಗಳ ಸುಂಕವನ್ನು ಶೇ 6ರಿಂದ 31ಕ್ಕೆ ಏರಿಸಿತು. ಒಂದೊಂದು ಬೈಕಿಗೆ ಸರಾಸರಿ 2,200 ಡಾಲರ್ ಹೊರೆ ಎಂದು ಹಾರ್ಲೆ ಲೆಕ್ಕ ಹಾಕಿ, ಯೂರೋಪಿಗೆ ಹೋಗುವ ಬೈಕುಗಳ ತಯಾರಿಕೆಯನ್ನು ಅಮೆರಿಕದ ಹೊರಗೆ ಸಾಗಿಸುವುದಾಗಿ ಹೇಳಿತು. ಅದೇ ವರ್ಷ ಥಾಯ್ಲೆಂಡಿನಲ್ಲಿ ಅದರ ಹೊಸ ಕಾರ್ಖಾನೆ ಆರಂಭವಾಗಿತ್ತು. ಅಧ್ಯಕ್ಷ ಟ್ರಂಪ್ ಬಹಿರಂಗವಾಗಿ ಸಿಟ್ಟಾದರು. ಅಮೆರಿಕತನವನ್ನೇ ಮಾರುವ ಕಂಪೆನಿ ಹೊರದೇಶದಲ್ಲಿ ಬೈಕು ಮಾಡಿದರೆ ಸ್ವದೇಶದ ಗಿರಾಕಿ ಮುನಿಯುತ್ತಾನೆ, ಮಾಡದಿದ್ದರೆ ಹೊರದೇಶದ ಗಿರಾಕಿಗೆ ಬೆಲೆ ಎಟುಕುವುದಿಲ್ಲ. ಬೇರೆ ಯಾವ ಬೈಕು ಕಂಪೆನಿಗೂ ಇಕ್ಕಟ್ಟು ಇಷ್ಟು ತೀವ್ರವಾಗಿಲ್ಲ.

ಭಾರತದಲ್ಲಿ ಹೋಗಿ ಬಂದ ದಾರಿ

ಹರಿಯಾಣದ ಬಾವಲ್‌ನಲ್ಲಿ ಹಾರ್ಲೆ 2011ರಲ್ಲಿ ಜೋಡಣಾ ಘಟಕ ತೆರೆಯಿತು. 2014ರಲ್ಲಿ ಅಲ್ಲಿಂದಲೇ ಸ್ಟ್ರೀಟ್ 750 ಬಂದಿತು. ಬೆಲೆ 4 ಲಕ್ಷದ ಚಿಲ್ಲರೆ, ಹಾರ್ಲೆಯ ಮಟ್ಟಿಗೆ ಅಗ್ಗ. ಆದರೆ ಇಲ್ಲಿನ ಪೇಟೆಯಲ್ಲಿ ಅದಕ್ಕೆ ಎದುರಾಗಿ ನಿಂತದ್ದು ರಾಯಲ್ ಎನ್‌ಫೀಲ್ಡ್. 1901ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 1955ರಿಂದ ಮದ್ರಾಸಿನಲ್ಲಿ ತಯಾರಾಗುತ್ತ, ಮೂಲ ಕಂಪೆನಿ ಮುಚ್ಚಿದ ಮೇಲೂ ಇಲ್ಲಿ ಬದುಕುಳಿದ ಹೆಸರು ಅದು. ಬುಲೆಟ್ಟಿಗೆ ಹಳೆಯ ರೂಪವಿತ್ತು, ಸದ್ದಿತ್ತು, ಹಳ್ಳಿಯ ಮೆಕ್ಯಾನಿಕ್ಕಿಗೂ ಅದರ ರಿಪೇರಿ ಗೊತ್ತಿತ್ತು. 2018ರಲ್ಲಿ ಎರಡು ಸಿಲಿಂಡರಿನ 650 ಸಿಸಿ ಇಂಟರ್‌ಸೆಪ್ಟರ್ ಎರಡೂವರೆ ಲಕ್ಷಕ್ಕೆ ಬಂದಾಗ ಸ್ಟ್ರೀಟ್ 750ರ ಬೆಲೆಗೆ ಸಮರ್ಥನೆ ಉಳಿಯಲಿಲ್ಲ. 2019-20ರ ಹಣಕಾಸು ವರ್ಷದಲ್ಲಿ ಹಾರ್ಲೆ ಭಾರತದಲ್ಲಿ ಮಾರಿದ್ದು 2,500ಕ್ಕೂ ಕಡಿಮೆ ಬೈಕು. 2020ರ ಸೆಪ್ಟೆಂಬರಿನಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಬೈಕು ಕೊಂಡಿದ್ದವರು ಬಿಡಿ ಭಾಗಗಳಿಗೆ ಯಾರನ್ನು ಕೇಳಬೇಕೆಂದು ಕಂಗಾಲಾದರು. ಅಕ್ಟೋಬರಿನಲ್ಲಿ ಹೀರೋ ಮೋಟೋಕಾರ್ಪ್ ಜೊತೆ ಒಪ್ಪಂದವಾಗಿ ಮಾರಾಟ ಮತ್ತು ಸರ್ವಿಸ್ ಅದರ ಪಾಲಿಗೆ ಬಂದಿತು.

2023ರ ಜುಲೈನಲ್ಲಿ ಬಂದ ಎಕ್ಸ್440 ಈ ಒಪ್ಪಂದದ ಫಲ. ಆರಂಭದ ಬೆಲೆ 2.29 ಲಕ್ಷ ರೂಪಾಯಿ, ತಯಾರಿ ರಾಜಸ್ಥಾನದ ನೀಮ್ರಾನಾದ ಹೀರೋ ಕಾರ್ಖಾನೆಯಲ್ಲಿ, ಸಿಲಿಂಡರ್ ಒಂದೇ. ಕಂಪೆನಿಯ ಗುರುತಾಗಿದ್ದ ವಿ ಆಕಾರದ ಎಂಜಿನ್ ಇಲ್ಲದಿದ್ದರೂ ಸುಮಾರು ಒಂದು ತಿಂಗಳಲ್ಲಿ 25 ಸಾವಿರಕ್ಕೂ ಹೆಚ್ಚು ಬುಕಿಂಗ್ ಬಂದವು. ಟ್ಯಾಂಕಿನ ಮೇಲಿನ ಹೆಸರಿಗೆ ಜನ ಕೊಡುವ ಬೆಲೆ ಎಷ್ಟು ಎಂಬುದಕ್ಕೆ ಇದೇ ಅಳತೆ. 2025ರ ಜಿಎಸ್‌ಟಿ ಗಡಿ ಮಾತ್ರ ಈ ಬೈಕಿಗೆ ವ್ಯತಿರಿಕ್ತವಾಗಿ ಬಿದ್ದಿದೆ: 440 ಸಿಸಿ ಆದ್ದರಿಂದ ತೆರಿಗೆ ಶೇ 40, ಪಕ್ಕದಲ್ಲೇ ನಿಲ್ಲುವ 350 ಸಿಸಿ ಎನ್‌ಫೀಲ್ಡ್‌ಗೆ ಶೇ 18.

ಹೊಸೂರಿನ ಎರಡು ಮಾದರಿಗಳು

ಇದೇ ಸಮಸ್ಯೆಗೆ ಬೇರೆಯವರು ಕಂಡುಕೊಂಡ ದಾರಿಗಳು ಹೊಸೂರಿನಲ್ಲಿ ಕಣ್ಣೆದುರಿಗಿವೆ. 2013ರಲ್ಲಿ ಟಿವಿಎಸ್ ಮತ್ತು ಬಿಎಂಡಬ್ಲ್ಯು ಒಂದಾಗಿ, ಒಂದೇ ಎಂಜಿನ್ನಿನ ಮೇಲೆ ಎರಡು ಹೆಸರುಗಳ ಬೈಕು ಮಾಡಲು ಒಪ್ಪಿದವು. ಬಿಎಂಡಬ್ಲ್ಯುವಿನ ಜಿ 310 ಆರ್, ಟಿವಿಎಸ್‌ನ ಅಪಾಚೆ ಆರ್‌ಆರ್ 310 ಹೀಗೆ ಹುಟ್ಟಿದವು. ಜಿ 310ರಲ್ಲಿ ಸಿಲಿಂಡರನ್ನು ಹಿಂದಕ್ಕೆ ವಾಲಿಸಿ, ಗಾಳಿ-ಪೆಟ್ರೋಲ್ ಒಳಹೋಗುವ ದಾರಿಯನ್ನು ಮುಂದಕ್ಕೂ ಹೊಗೆಯ ದಾರಿಯನ್ನು ಹಿಂದಕ್ಕೂ ಇಡಲಾಗಿದೆ. ಸಾಮಾನ್ಯ ಬೈಕಿಗೆ ಇದು ತದ್ವಿರುದ್ಧ. ಚಿಕ್ಕ ಬೈಕಿಗಾಗಿ ಮೊದಲಿನಿಂದ ಯೋಚಿಸಿ ಮಾಡಿದ ವಿನ್ಯಾಸವಾದ್ದರಿಂದ ಅದು ದೊಡ್ಡ ಬೈಕಿನ ಕತ್ತರಿಸಿದ ರೂಪ ಎನಿಸಲಿಲ್ಲ. ಈ ಸಹಯೋಗದಲ್ಲಿ ಹೊರಬಂದ ಬೈಕುಗಳ ಸಂಖ್ಯೆ 2 ಲಕ್ಷ ದಾಟಿದೆ. ಬ್ರಿಟನ್ನಿನ ಟ್ರಯಂಫ್ ಬಜಾಜ್ ಜೊತೆ ಸೇರಿ 2023ರಲ್ಲಿ ಪುಣೆ ಬಳಿಯ ಚಾಕಣದಿಂದ ತಂದ ಸ್ಪೀಡ್ 400 ಸಹ ಇದೇ ದಾರಿಯದು.

ಎರಡನೆಯದು ನಾರ್ಟನ್. 1898ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಆರಂಭವಾದ ಆ ಕಂಪೆನಿ 2020ರ ಜನವರಿಯಲ್ಲಿ ದಿವಾಳಿಯಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಸೇರಿತು. ಏಪ್ರಿಲ್‌ನಲ್ಲಿ ಟಿವಿಎಸ್ ಅದನ್ನು 1.6 ಕೋಟಿ ಪೌಂಡ್, ಅಂದರೆ ಸುಮಾರು 153 ಕೋಟಿ ರೂಪಾಯಿಗೆ ಕೊಂಡಿತು. ಇಲ್ಲಿ ಲೆಕ್ಕಾಚಾರ ತಿರುವುಮುರುವು: ಚಿಕ್ಕ ಬೈಕು ಮಾಡುವ ಕೈಗಾರಿಕಾ ಶಕ್ತಿ ಇರುವವರು ದೊಡ್ಡ ಬೈಕಿನ ಹೆಸರನ್ನು ಕೊಂಡಿದ್ದಾರೆ. ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಹೊಸ ಕಾರ್ಖಾನೆ ಕಟ್ಟಿ, ಗುಣಮಟ್ಟ ಸರಿಪಡಿಸಿ, ಹೊಸ ಮಾದರಿಗಳನ್ನು ತರಲು ವರ್ಷಗಳೇ ಹಿಡಿದಿವೆ. ಹಾರ್ಲೆಗೆ ಇರುವಷ್ಟು ದೊಡ್ಡ ಅಭಿಮಾನಿ ಬಳಗ ನಾರ್ಟನ್ನಿಗೆ ಇಲ್ಲದ್ದರಿಂದ, ಹೊಸ ವಿನ್ಯಾಸಕ್ಕೆ ‘ಇದು ನಮ್ಮದಲ್ಲ’ ಎಂದು ಅಡ್ಡ ನಿಲ್ಲುವವರೂ ಕಡಿಮೆ. ಅದೇ ಕಾರಣಕ್ಕೆ, ಮೊದಲ ದಿನವೇ ಕಣ್ಣು ಮುಚ್ಚಿ ಕೊಳ್ಳುವವರೂ ಕಡಿಮೆ.

ಮುಂದೆ ಗಮನಿಸಬೇಕಾದದ್ದು

2025ರ ಅಕ್ಟೋಬರ್ 1ರಿಂದ ಹಾರ್ಲೆಗೆ ಆರ್ಟಿ ಸ್ಟಾರ್ಸ್ ಹೊಸ ಮುಖ್ಯಸ್ಥರು. ಅವರ ಕೈಗೆ ಬಂದಿರುವ ಮುಖ್ಯ ಯೋಜನೆಗಳಲ್ಲಿ ಒಂದು, 6,000 ಡಾಲರಿಗಿಂತ ಕಡಿಮೆ ಬೆಲೆಯ ಸ್ಪ್ರಿಂಟ್ ಎಂಬ ಚಿಕ್ಕ ಬೈಕು. ಹೆಸರು ಹೊಸದಲ್ಲ: 1960ರಲ್ಲಿ ಇಟಲಿಯ ಏರ್‌ಮಾಕಿ ಬೈಕು ಘಟಕದ ಅರ್ಧ ಪಾಲು ಕೊಂಡಿದ್ದ ಹಾರ್ಲೆ, ಅಲ್ಲಿ ತಯಾರಾದ ಚಿಕ್ಕ ಬೈಕನ್ನು ಅಮೆರಿಕದಲ್ಲಿ ಇದೇ ಹೆಸರಿನಲ್ಲಿ ಮಾರುತ್ತಿತ್ತು, ದೊಡ್ಡ ಬೈಕಿನ ಡೀಲರುಗಳಿಗೆ ಅದರಲ್ಲಿ ಮನಸ್ಸಿರಲಿಲ್ಲ, 1978ರಲ್ಲಿ ಆ ಘಟಕ ಮಾರಾಟವಾಯಿತು. ಚಿಕ್ಕ ಬೈಕಿನಲ್ಲಿ ಒಂದೊಂದಕ್ಕೆ ಸಿಗುವ ಲಾಭ ಕಡಿಮೆಯಾದ್ದರಿಂದ ಡೀಲರಿನ ಆಸಕ್ತಿ ಇಂದಿಗೂ ನಿರ್ಣಾಯಕ. ಈ ಸಲದ ಸ್ಪ್ರಿಂಟ್ ಯಾವ ದೇಶದ ಕಾರ್ಖಾನೆಯಿಂದ ಯಾವ ದೇಶಕ್ಕೆ ಹೋಗುತ್ತದೆ, ಎಂಜಿನ್ನಿನ ಸಿಸಿ ನಮ್ಮ 350ರ ಗಡಿಯ ಯಾವ ಬದಿಗೆ ಬೀಳುತ್ತದೆ ಎಂಬ ಎರಡು ಸಂಗತಿಗಳಿಂದ ಇಲ್ಲಿನ ಅಂಗಡಿಯಲ್ಲಿ ಅದರ ಬೆಲೆ ತೀರ್ಮಾನವಾಗುತ್ತದೆ.